ಬೀದರಿನ ಕರೇಜ್ ಅಧ್ಯಯನಕ್ಕೆ ಸಿವಿಲ್ ಎಂಜಿನಿಯರಿಂಗ್ ಒಂದೇ ಸಾಕಲ್ಲವೇ?

ಸಾಲದು. ಬಹಮನಿ ಅರಸರ ಕಾಲದಲ್ಲಿ, 15ನೇ ಶತಮಾನದಲ್ಲಿ, ನೌಬಾದಿನಲ್ಲಿ ಕೊರೆದ ಈ ಸುರಂಗ ಬಾವಿಯಲ್ಲಿ ನೀರು ಹರಿಯುವುದು ನೆಲದಡಿಯ ಇಳಿಜಾರಿನಿಂದಲೇ. ಆ ಇಳಿಜಾರನ್ನೂ ಸುರಂಗಕ್ಕೆ ಗಾಳಿ ಒದಗಿಸುವ ಗಾಳಿಬಾವಿಗಳ ಅಂತರವನ್ನೂ ಅಳೆಯುವುದು ಎಂಜಿನಿಯರರ ಕೆಲಸ. ಆದರೆ ಮಳೆನೀರನ್ನು ಹೀರಿಕೊಳ್ಳುವುದು ಮೇಲಿನ ರಂಧ್ರಮಯ ಜಂಬಿಟ್ಟಿಗೆ, ಅದನ್ನು ತಡೆದು ನಿಲ್ಲಿಸುವುದು ಕೆಳಗಿನ ಗಟ್ಟಿ ಬಸಾಲ್ಟ್ ಬಂಡೆ. ಹೀಗಾಗಿ ನೀರು ಇಂಗುವ ಪ್ರದೇಶವನ್ನು ಭೂವಿಜ್ಞಾನಿಗಳು ಗುರುತಿಸಿ ಉಳಿಸದಿದ್ದರೆ, ಹೂಳೆತ್ತಿದ ಸುರಂಗವೂ ಮೇಲ್ಭಾಗದ ಬಡಾವಣೆ ಮತ್ತು ಕೊಳವೆಬಾವಿಗಳಿಂದಾಗಿ ಒಣಗಬಹುದು. ಜೀವವಿಜ್ಞಾನದ ಪಾಲು ಇವೆರಡಕ್ಕಿಂತ ಕಡಿಮೆಯದೆಂದು ನಾನು ಒಪ್ಪಲಾರೆ: ಜಂಬಿಟ್ಟಿಗೆಯ ರಂಧ್ರಗಳಲ್ಲಿ ನೀರಿನೊಂದಿಗೆ ಶೌಚಗುಂಡಿಯ ನೈಟ್ರೇಟ್ ಮತ್ತು ಬ್ಯಾಕ್ಟೀರಿಯಾಗಳೂ ಇಳಿಯಬಲ್ಲವಾದ್ದರಿಂದ, ಮುಂಗಾರಿಗೆ ಮೊದಲೂ ನಂತರವೂ ಇ. ಕೋಲೈ (ಮಲದಿಂದ ನೀರಿಗೆ ಸೇರುವ ಬ್ಯಾಕ್ಟೀರಿಯಾ) ಪರೀಕ್ಷೆ ನಡೆಸದೆ ಆ ನೀರನ್ನು ಕುಡಿಯಲು ಯೋಗ್ಯವೆನ್ನಲಾಗದು.