ದಿಂಬಿನ ಕೆಳಗೆ ಮೊಬೈಲ್ ಇಟ್ಟು ಮಲಗಿದರೆ ಮೆದುಳಿಗೆ, ನೆನಪಿನ ಶಕ್ತಿಗೆ ತೊಂದರೆಯೇ?

ವಿಕಿರಣದಿಂದ ತೊಂದರೆ ಎನ್ನಲು ಗಟ್ಟಿ ಪುರಾವೆ ಸಿಕ್ಕಿಲ್ಲ. ಮೊಬೈಲ್ ಹೊರಸೂಸುವುದು ರೇಡಿಯೋ ತರಂಗ. ಎಕ್ಸ್-ರೇಯಂತೆ ಡಿಎನ್‌ಎ ಮುರಿಯುವಷ್ಟು ಶಕ್ತಿ ಅದಕ್ಕಿಲ್ಲ. ಅಂಗಾಂಶವನ್ನು ಚೂರು ಬಿಸಿ ಮಾಡಬಲ್ಲದು, ಅಷ್ಟೆ. ಅರ್ಧ ಗಂಟೆ ಮಾತಾಡಿದ ಮೇಲೆ ಕಿವಿ ಸುಡುತ್ತದಲ್ಲ, ಅದು ಹೆಚ್ಚಾಗಿ ಬ್ಯಾಟರಿಯ ಬಿಸಿ.

2011ರಲ್ಲಿ ಅಮೆರಿಕದಲ್ಲಿ 47 ಜನರ ಕಿವಿಗೆ 50 ನಿಮಿಷ ಫೋನ್ ಇಟ್ಟು ಮೆದುಳನ್ನು ಸ್ಕ್ಯಾನ್ ಮಾಡಿದರು. ಆಂಟೆನಾ ಹತ್ತಿರದ ಭಾಗ ಗ್ಲೂಕೋಸ್ ಬಳಸುವುದು ಸುಮಾರು 7% ಹೆಚ್ಚಿತ್ತು. ಇದು ಪರಿಣಾಮ ನಿಜ, ಆದರೆ ಹಾನಿ ಎಂದು ಅರ್ಥವಲ್ಲ. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಈ ತರಂಗಗಳನ್ನು '2ಬಿ' ಗುಂಪಿಗೆ ಸೇರಿಸಿತು. ಪುರಾವೆ ಸೀಮಿತ, ಕ್ಯಾನ್ಸರ್ ತರುವ ಸಾಧ್ಯತೆಯನ್ನು ತಳ್ಳಿಹಾಕಲಾಗದು ಎಂಬುದು ಅದರ ಅರ್ಥ. 2024ರಲ್ಲಿ ಅದೇ ಸಂಸ್ಥೆ ಮಾಡಿಸಿದ ದೊಡ್ಡ ಪರಿಶೀಲನೆಯಲ್ಲಿ ಮೆದುಳಿನ ಕ್ಯಾನ್ಸರ್‌ಗೂ ಮೊಬೈಲ್‌ಗೂ ನಂಟು ಕಾಣಲಿಲ್ಲ.

ಫೋನಿನ ತರಂಗದ ಶಕ್ತಿಯನ್ನು ದೇಹ ಎಷ್ಟು ಹೀರಿಕೊಳ್ಳುತ್ತದೆ ಎಂಬುದರ ಅಳತೆ ಎಸ್‌ಎಆರ್; ಭಾರತದಲ್ಲಿ ಅದರ ಮಿತಿ ಕೆಜಿಗೆ 1.6 ವ್ಯಾಟ್. ನಿಮ್ಮ ಫೋನಿನದು ನೋಡಲು *#07# ಒತ್ತಿ. ಸಿಗ್ನಲ್ ಒಂದೇ ಕಡ್ಡಿ ಇದ್ದಾಗ, ಲಿಫ್ಟ್‌ನಲ್ಲೋ ಘಾಟಿಯಲ್ಲೋ, ಫೋನ್ ಹೆಚ್ಚು ಶಕ್ತಿಯಿಂದ ಪ್ರಸಾರ ಮಾಡುತ್ತದೆ. ಆಗ ಸ್ಪೀಕರ್ ಇಲ್ಲವೇ ಇಯರ್‌ಫೋನ್ ಬಳಸಿ. ತಲೆಯಿಂದ ಒಂದು ಗೇಣು ದೂರವಾದರೂ ತಲೆಗೆ ತಾಗುವುದು ಬಹಳ ಇಳಿಯುತ್ತದೆ.

ನೆನಪಿಗೆ ನಿಜವಾದ ಪೆಟ್ಟು ಬೀಳುವುದು ನಿದ್ದೆ ಕೆಟ್ಟಾಗ. ರಾತ್ರಿ ಎರಡಕ್ಕೆ 'ಟಿಂಗ್' ಎಂದ ನೋಟಿಫಿಕೇಶನ್ ನಿಮ್ಮನ್ನು ಎಬ್ಬಿಸಿದರೆ ಸಾಕು. ಇನ್ನು ದಿಂಬಿನ ಕೆಳಗೆ ಚಾರ್ಜಿಗೆ ಹಾಕುವುದಂತೂ ಬೇಡವೇ ಬೇಡ: ಬಿಸಿ ಹೊರಹೋಗದೆ ಬೆಂಕಿ ಹತ್ತಬಹುದು.