ಅಜ್ಜನ ಬೋಲ್ಟ್ ರೈಫಲ್: ಯಾವ ಕಂಪನಿ, ಎಷ್ಟು ಬೆಲೆ?

ಪ್ರಶ್ನೆ: ತೋಟ ಮಾರಿ ಇಂಗ್ಲೆಂಡಿಗೆ ಹೊರಟಿದ್ದ ದೊರೆಯೊಬ್ಬರಿಂದ ನಮ್ಮಜ್ಜ ಕೊಂಡ ರೈಫಲ್ ಮನೆಯಲ್ಲಿದೆ. ಮರ ನಳಿಗೆಯ ತುದಿವರೆಗೂ ಬಂದಿದೆ. ಬೋಲ್ಟಿನ (ಗುಂಡು ತುಂಬಲು ಹಿಂದೆ ಮುಂದೆ ಎಳೆಯುವ ಸರಳಿನ) ಹಿಡಿ ಗುಂಡಗಿಲ್ಲ, ಚಮಚದ ಹಿಡಿಯ ಥರ ಚಪ್ಪಟೆ. ನಳಿಗೆ ಒಂದೇ, ಟ್ರಿಗರ್ ಎರಡು! ಮೇಲೆ ‘ಎಂ. 1903’ ಅಂತ, ಪಕ್ಕದಲ್ಲಿ ಉದ್ದನೆಯ ಜರ್ಮನ್ ಹೆಸರು, ಕೊನೆಗೆ ‘ಸ್ಟೈರ್’ ಅಂತ ಕೆತ್ತಿದೆ. ಲೈಸೆನ್ಸ್ ಅಪ್ಪನ ಹೆಸರಲ್ಲಿದೆ, ಅವರಿಗೀಗ 78. ಇಂಟರ್‌ನೆಟ್‌ನಲ್ಲಿ ಇಂಥದ್ದಕ್ಕೆ 9,000 ಡಾಲರ್ ಅಂತ ನೋಡಿದೆ. ಕೋವಿ ಅಂಗಡಿಯವರು ‘ಗುಜರಿ ರೇಟು’ ಎನ್ನುತ್ತಾರೆ. ಯಾರನ್ನು ನಂಬೋದು? ಪಾಲಿಶ್ ಹೊಡೆಸಿದರೆ ಬೆಲೆ ಏರುತ್ತದಾ?
– ಓದುಗರು, ಮೂಡಿಗೆರೆ ತಾಲ್ಲೂಕು

ಉತ್ತರ: ಇಬ್ಬರನ್ನೂ ನಂಬಬೇಡಿ. ಪಾಲಿಶ್ ಅಂತೂ ಬೇಡವೇ ಬೇಡ, ಕಾರಣ ಆಮೇಲೆ ಹೇಳುತ್ತೇನೆ.

ನಿಮ್ಮ ವಿವರ ನೋಡಿದರೆ ಇದು ಆಸ್ಟ್ರಿಯಾದ ಮ್ಯಾನ್‌ಲಿಖರ್-ಶೋನಾವರ್. ಆದರೆ ತುದಿವರೆಗೂ ಮರ ಇದೆ ಅನ್ನೋದನ್ನೇ ನೆಚ್ಚಿಕೊಳ್ಳಬೇಡಿ. ಆ ಅಂದ ಜನಕ್ಕೆ ಹಿಡಿಸಿತು, ಬೇರೆ ಕಂಪನಿಗಳೂ ಅದನ್ನೇ ಮಾಡಿದವು. ನಿಜವಾದ ಗುರುತು ಹೊಟ್ಟೆಯಲ್ಲಿದೆ. ಬೋಲ್ಟ್ ತೆರೆದು ಪೂರ್ತಿ ಹಿಂದಕ್ಕೆಳೆದು ಒಳಗೆ ನೋಡಿ. ಮಾಮೂಲಿ ರೈಫಲ್‌ನಲ್ಲಿ ತೋಟಾ ಒಂದರ ಮೇಲೊಂದು ಕೂರುವ ಪೆಟ್ಟಿಗೆ ಇರುತ್ತದೆ. ಇದರಲ್ಲಿ ತೋಟಾಗಳು ಒಂದು ಸುತ್ತುವ ಉರುಳೆಯ ಸುತ್ತ ಕೂರುತ್ತವೆ, ಐದು ಹಿಡಿಯುತ್ತದೆ. ಬಲಗಡೆ ಒಳಅಂಚಿನಲ್ಲಿ ಸಣ್ಣ ಗುಂಡಿಯೊಂದಿದೆ. ಅದನ್ನು ಒತ್ತಿದರೆ ಒಳಗಿದ್ದ ತೋಟಾ ಎಲ್ಲ ಒಟ್ಟಿಗೆ ಮೇಲೆ ಬರುತ್ತವೆ. ಬೇರೇನು ಮಾಡುವ ಮೊದಲೂ ಇದನ್ನೇ ಮಾಡಿ, ನಳಿಗೆಯೂ ಖಾಲಿ ಅಂತ ಕಣ್ಣಾರೆ ನೋಡಿಕೊಳ್ಳಿ.

ಎರಡು ಟ್ರಿಗರ್ ಯಾಕೆ ಅಂದರೆ, ಹಿಂದಿನದನ್ನು ಎಳೆದರೆ ಮುಂದಿನದು ತೀರಾ ಹಗುರವಾಗುತ್ತದೆ. ಆಮೇಲೆ ಬೆರಳು ತಾಗಿದರೂ ಸಾಕು. ನೆಂಟರು ಬಂದಾಗ ‘ಟಕ್ ಟಕ್’ ಅಂತ ಆಡಿಸಿ ತೋರಿಸುವ ಚಾಳಿ ನಮ್ಮ ಕಡೆ ಇದೆಯಲ್ಲ, ಇದರಲ್ಲಿ ಬೇಡ.

ಇನ್ನು 1903. ಅದು ಕೋವಿ ತಯಾರಾದ ವರ್ಷವಲ್ಲ, ಮಾಡೆಲ್ಲಿನ ಹೆಸರು. ಆ ಹೆಸರಿನಿಂದ ತಿಳಿಯುವುದು ನಳಿಗೆಯ ಅಳತೆ: 1903 ಅಂದರೆ 6.5 ಮಿ.ಮೀ., 1905 ಅಂದರೆ 9, 1908 ಅಂದರೆ 8, 1910 ಅಂದರೆ 9.5. ನಿಮ್ಮದು 6.5×54, ಇಲ್ಲಿ 54 ಅಂದರೆ ತೋಟಾದ ಕೊಳವೆಯ ಉದ್ದ, ಅದೂ ಮಿ.ಮೀ. ಲೆಕ್ಕದಲ್ಲೇ. ಇಂಗ್ಲಿಷರು ಇದನ್ನೇ ಇಂಚಿನ ಲೆಕ್ಕದಲ್ಲಿ ‘.256 ಮ್ಯಾನ್‌ಲಿಖರ್’ ಎನ್ನುತ್ತಿದ್ದರು, ಅಪ್ಪನ ಲೈಸೆನ್ಸ್ ಪುಸ್ತಕದಲ್ಲಿ ಹಾಗೇ ಬರೆದಿದ್ದರೂ ಗಾಬರಿ ಬೇಡ. ಬರೆದ ನಂಬರ್ ಮಾತ್ರ ಕೋವಿಯ ನಂಬರಿಗೆ ಅಂಕಿ ಅಂಕಿಗೂ ತಾಳೆಯಾಗಬೇಕು.

ಕಾಲ ತಿಳಿಯಲು ಪಕ್ಕದ ಆ ಉದ್ದನೆಯ ಹೆಸರು ಓದಿ. ‘ಓಸ್ಟರ್. ವಾಫೆನ್‌ಫಾಬ್ರಿಕ್ಸ್-ಗೆಸ್.’ ಅಂತಿದ್ದರೆ ಅದು ಕಂಪನಿಯ ಹಳೇ ಹೆಸರು. 1926ರಲ್ಲಿ ಅದು ಸ್ಟೈರ್-ವೆರ್ಕೆ ಆಯಿತು, 1934ರಲ್ಲಿ ಸ್ಟೈರ್-ಡೈಮ್ಲರ್-ಪುಖ್. ಉದ್ದ ಹೆಸರಿದೆ ಎನ್ನುತ್ತೀರಿ, ಬಹುಶಃ ನಿಮ್ಮದು 1926ಕ್ಕಿಂತ ಹಿಂದಿನದು. ಆಮೇಲೆ ನಳಿಗೆಯ ಬುಡದಲ್ಲಿ ಟಾರ್ಚ್ ಬಿಟ್ಟು ನೋಡಿ. ಕಿರೀಟ ಮತ್ತು ‘ಎನ್‌ಪಿ’ ಅಕ್ಷರ, ಇಲ್ಲವೇ ಕತ್ತಿ ಹಿಡಿದ ಕೈ ಕಂಡರೆ ಅದು ಇಂಗ್ಲೆಂಡಿನಲ್ಲಿ ಪರೀಕ್ಷೆಯಾದ ಗುರುತು. ಮೊದಲನೆಯದು ಬರ್ಮಿಂಗ್‌ಹ್ಯಾಮ್, ಎರಡನೆಯದು ಲಂಡನ್. ಅಂದರೆ ಕೋವಿ ಇಂಗ್ಲೆಂಡ್ ದಾಟಿಕೊಂಡೇ ಇಲ್ಲಿಗೆ ಬಂದಿದೆ. ಕಲ್ಕತ್ತೆಯ ಮ್ಯಾಂಟನ್ ಅಥವಾ ರೊಡ್ಡಾ ಹೆಸರಿದ್ದರೆ ಅದು ಮಾರಿದ ಅಂಗಡಿ, ಮಾಡಿದವರಲ್ಲ. ಆದರೂ ಸಂಗ್ರಹ ಮಾಡುವವರಿಗೆ ಆ ಹೆಸರು ಖುಷಿ ಕೊಡುತ್ತದೆ.

ದೊರೆಯ ಕತೆಗೆ ಕಾಗದ ಇದೆಯಾ? ರಸೀದಿ, ಹಳೇ ಲೈಸೆನ್ಸ್, ಫೋಟೊ, ಏನಾದರೂ? ಇದ್ದರೆ ಕತೆಗೆ ಬೆಲೆ. ಇಲ್ಲದಿದ್ದರೆ ಅದು ಮನೆಮಂದಿ ಕೂತು ಹೇಳಿಕೊಳ್ಳುವ ಕತೆ ಅಷ್ಟೆ. ಹಳೇ ಬೋಲ್ಟ್ ರೈಫಲ್ ಇರುವ ಮನೆಯವರೆಲ್ಲ ‘ಜಿಮ್ ಕಾರ್ಬೆಟ್ ಹತ್ತಿರ ಇದ್ದದ್ದೂ ಇದೇ’ ಎನ್ನುತ್ತಾರೆ. 1907ರಲ್ಲಿ ಚಂಪಾವತ್‌ನ ನರಭಕ್ಷಕ ಹುಲಿ ಹೊಡೆದದ್ದಕ್ಕೆ ಅವರಿಗೆ ಉಡುಗೊರೆಯಾಗಿ ಸಿಕ್ಕಿದ್ದು ರಿಗ್ಬಿ ಕಂಪನಿಯ .275. ನಿಮ್ಮದು ಬೇರೆಯೇ ಜಾತಿ.

ಈಗ ಪಾಲಿಶ್ ವಿಷಯ. ಇಂಥ ಕೋವಿಗೆ ಬೆಲೆ ಬರುವುದೇ ಯಾರೂ ಕೈ ಹಾಕದ ಮೈಗೆ. ಸ್ಯಾಂಡ್‌ಪೇಪರ್ ಹಾಕಿ ವಾರ್ನಿಷ್ ಬಳಿದ ಮರ, ಹೊಸದಾಗಿ ಕಪ್ಪೇರಿಸಿದ ನಳಿಗೆ, ದುರ್ಬೀನು ಕೂರಿಸಲು ಕೊರೆದ ತೂತು – ಒಂದೊಂದೂ ಬೆಲೆ ಇಳಿಸುತ್ತದೆ. ಉಜ್ಜಿದಾಗ ಅಕ್ಷರಗಳ ಅಂಚು ಸವೆದರೆ ಮತ್ತೆ ಬರೋದಿಲ್ಲ. ಬೋಲ್ಟ್ ಮೇಲಿನ ನಂಬರ್ ಕೋವಿಯ ನಂಬರೇ ಹೌದಾ ನೋಡಿ. ಬೇರೆ ಬೋಲ್ಟ್ ಸೇರಿದ್ದರೆ ಬೆಲೆಯೂ ಹೋಯಿತು, ಈಡು ಹಾರಿಸಲು ಧೈರ್ಯವೂ ಸಾಲದು.

ಮಲೆನಾಡಿನಲ್ಲಿ ಈ ಕೋವಿಗೆ ಇನ್ನೊಂದು ಕಾಟವಿದೆ. ಮರ ತುದಿವರೆಗೂ ಇರುವುದರಿಂದ ಮಳೆಗಾಲದ ಥಂಡಿ ಮರಕ್ಕೂ ನಳಿಗೆಗೂ ನಡುವೆ ಸೇರಿ ಅಲ್ಲೇ ಕೂರುತ್ತದೆ. ಹೊರಗೆ ಕನ್ನಡಿಯಂತೆ ಹೊಳೆಯುವ ಕೋವಿಯ ಮರ ಬಿಚ್ಚಿದರೆ ಕೆಳಗೆ ಕೆಂಪಗೆ ತುಕ್ಕು ಸಿಗುವುದುಂಟು. ಇದನ್ನು ಬಿಚ್ಚುವ ಕೆಲಸ ಗೊತ್ತಿದ್ದವರ ಕೈಯಲ್ಲೇ ಮಾಡಿಸಿ, ಸ್ಕ್ರೂ ತಲೆ ಹಾಳಾದರೆ ಅದೂ ಕಣ್ಣಿಗೆ ಹೊಡೆಯುತ್ತದೆ. ಇನ್ನೊಂದು ಆಯುಧ ಪೂಜೆ. ಹಸಿ ಗಂಧ, ಕುಂಕುಮ ಹಚ್ಚಿ ವಾರಗಟ್ಟಲೆ ಬಿಟ್ಟರೆ ಅದೇ ಬೊಟ್ಟಿನ ಗಾತ್ರಕ್ಕೆ ಲೋಹ ತಿಂದುಹೋಗುತ್ತದೆ. ಪೂಜೆ ಮಾಡಿ, ಆದರೆ ಬೊಟ್ಟು ಮರಕ್ಕಿಡಿ, ಸಂಜೆಗೇ ಒರೆಸಿ. ತೆಂಗಿನೆಣ್ಣೆ ದಿನ ಕಳೆದಂತೆ ಅಂಟಾಗುತ್ತದೆ, ಹೊಲಿಗೆ ಮಷಿನ್ ಎಣ್ಣೆಯೇ ವಾಸಿ.

ಹಿಂಬದಿಯ ಲೋಹದ ತಗಡಿನಲ್ಲಿ ಪುಟ್ಟ ಬಾಗಿಲಿದೆಯಾ ನೋಡಿ. ಒಳಗೆ ಬಿಡಿ ಬಿಡಿಯಾದ ಕ್ಲೀನಿಂಗ್ ರಾಡ್ ಇದ್ದರೆ ನೀವು ಅದೃಷ್ಟವಂತರು, ಹೆಚ್ಚಿನವರು ಅದನ್ನು ಯಾವಾಗಲೋ ಕಳೆದಿರುತ್ತಾರೆ. ಅದೇ ಗೂಡಿನಲ್ಲಿ ಹಳೇ ತೋಟಾ ಸಿಕ್ಕರೆ ಹಾರಿಸಬೇಡಿ, ಸುಮ್ನೆ ಡ್ರಾಯರ್‌ಗೂ ಹಾಕಬೇಡಿ. ಲೆಕ್ಕಕ್ಕೆ ಅದೂ ಮದ್ದುಗುಂಡೇ. ಠಾಣೆಗೆ ತಿಳಿಸಿ ಒಪ್ಪಿಸಿ.

ಬೆಲೆಗೆ ಬರೋಣ. ನೀವು ನೋಡಿದ 9,000 ಡಾಲರ್ ಯಾರೋ ಕೇಳುತ್ತಿರುವ ರೇಟು, ಯಾರೂ ಕೊಟ್ಟದ್ದಲ್ಲ. ಮಾಮೂಲಿ 1903 ಮಾಡೆಲ್, ಚೆನ್ನಾಗಿದ್ದರೆ, ಅಮೆರಿಕದಲ್ಲಿ ಎರಡು-ಮೂರು ಸಾವಿರ ಡಾಲರ್ ಆಸುಪಾಸು ಹೋಗುತ್ತದೆ. ಅದನ್ನು ರೂಪಾಯಿಗೆ ಗುಣಿಸಿ ಕನಸು ಕಾಣಬೇಡಿ. ಆ ಪೇಟೆಗೂ ನಿಮಗೂ ದಾರಿಯಿಲ್ಲ, ಹೊರದೇಶಕ್ಕೆ ಕಳಿಸಲು ಬೇರೆಯೇ ಅನುಮತಿ ಬೇಕು.

ಇಲ್ಲಿ ಕೊಳ್ಳುವವನ ಕಡೆಯಿಂದ ಯೋಚಿಸಿ. ಅವನಿಗೆ ಲೈಸೆನ್ಸ್ ಇರಬೇಕು. 2019ರ ಶಸ್ತ್ರಾಸ್ತ್ರ ಕಾಯ್ದೆ ತಿದ್ದುಪಡಿಯ ನಂತರ ಒಬ್ಬರು ಮೂರರ ಬದಲು ಎರಡೇ ಕೋವಿ ಇಟ್ಟುಕೊಳ್ಳಬಹುದು. ಆ ಎರಡರಲ್ಲಿ ಒಂದು ಜಾಗವನ್ನು ತೋಟಾ ಸಿಗದ 6.5ಕ್ಕೆ ಯಾರು ಕೊಡುತ್ತಾರೆ? ಕಾಡುಹಂದಿ ಕಾಟಕ್ಕೆ ಕೋವಿ ಬೇಕಾದ ಕೃಷಿಕ ಖಂಡಿತ ಕೊಡೋದಿಲ್ಲ. ಉಳಿದವನು ಹಳೇ ಕೋವಿಯ ಹುಚ್ಚಿರುವ ಒಬ್ಬ ಸಂಗ್ರಾಹಕ. 1980ರ ದಶಕದಿಂದ ಸಾಮಾನ್ಯರಿಗೆ ವಿದೇಶಿ ಕೋವಿ ತರಿಸಲು ಬಿಡುತ್ತಿಲ್ಲ, ಹಾಗಾಗಿ ಅಂಥವನಿಗೆ ನಿಮ್ಮದು ಬೇಕೇ ಬೇಕು. ಅವನು ಸಿಗುವವರೆಗೆ ಗುಜರಿ ರೇಟು, ಸಿಕ್ಕ ದಿನ ಒಳ್ಳೇ ರೇಟು. ಅಂಗಡಿಯವರು ಪೂರ್ತಿ ಸುಳ್ಳು ಹೇಳಿಲ್ಲ, ಅರ್ಧ ಹೇಳಿದ್ದಾರೆ. ಲೈಸೆನ್ಸ್ ಇರುವ ಎರಡು-ಮೂರು ಡೀಲರ್‌ಗಳಿಂದ ಬರವಣಿಗೆಯಲ್ಲಿ ಬೆಲೆ ಕೇಳಿ.

ಮಾರುವುದಾದರೆ ಅಪ್ಪ ಮೊದಲು ಡಿ.ಸಿ. ಅಥವಾ ಹತ್ತಿರದ ಠಾಣೆಗೆ ಲಿಖಿತವಾಗಿ ತಿಳಿಸಿ 45 ದಿನ ಕಾಯಬೇಕು. ಇಟ್ಟುಕೊಳ್ಳುವುದಾದರೆ ಈಗಲೇ ಅರ್ಜಿ ಹಾಕಿ. ಲೈಸೆನ್ಸುದಾರರಿಗೆ 70 ದಾಟಿದ್ದರೆ ಅವರು ಬದುಕಿರುವಾಗಲೇ ವಾರಸುದಾರರಿಗೆ ಲೈಸೆನ್ಸ್ ಕೊಡಲು 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ಅವಕಾಶವಿದೆ. ಚುನಾವಣೆಗೆ ಠಾಣೆಗೆ ಒಪ್ಪಿಸುವಾಗ ಎಲ್ಲ ಕಡೆಯ ಫೋಟೊ ತೆಗೆದು, ನಂಬರ್ ಬರೆದ ರಸೀದಿ ತಗೊಳ್ಳಿ.

ಪ್ರಶ್ನೆ: ನಮ್ಮ ಬೋಲ್ಟ್ ರೈಫಲ್ ಮೇಲೆ .315 ಅಂತ ಇದೆ, ಇಷಾಪುರದ ಹೆಸರಿದೆ, ಸಿಂಹದ ಮುದ್ರೆ ಇದೆ. ಬ್ರಿಟಿಷರ ಕಾಲದ್ದಾ? ಹಳೇದಾದ್ದರಿಂದ ಲೈಸೆನ್ಸ್ ಬೇಡ ಎನ್ನುತ್ತಾರೆ, ಹೌದಾ?
– ಓದುಗರು, ಸಕಲೇಶಪುರ

ಉತ್ತರ: ಎರಡೂ ಅಲ್ಲ. ಅಶೋಕನ ಸಿಂಹ ಇದ್ದರೆ ಅದು ಸ್ವಾತಂತ್ರ್ಯದ ನಂತರದ್ದು. ಪಶ್ಚಿಮ ಬಂಗಾಳದ ಇಷಾಪುರದ ಸರ್ಕಾರಿ ಕಾರ್ಖಾನೆಯಲ್ಲಿ ತಯಾರಾದದ್ದು. ಒಳಗಿನ ಯಂತ್ರ ಸೈನ್ಯದ ಲೀ-ಎನ್‌ಫೀಲ್ಡ್‌ನದ್ದೇ. ಸೈನ್ಯದ .303 ಜನಸಾಮಾನ್ಯರಿಗೆ ನಿಷಿದ್ಧವಾದ್ದರಿಂದ ಅಳತೆ ಬದಲಿಸಿದ್ದಾರೆ. ಲೈಸೆನ್ಸ್ ಬೇಡವಾಗುವುದು, ರಿಪೇರಿ ಮಾಡಿದರೂ ಹಾರಿಸಲು ಬಾರದ ಹಳೇ ಆಯುಧಕ್ಕೆ ಮಾತ್ರ. ಸಂಗ್ರಾಹಕರು ನಿಮ್ಮದರತ್ತ ತಿರುಗಿಯೂ ನೋಡಲಿಕ್ಕಿಲ್ಲ. ಆದರೆ ಅದರ ತೋಟಾ ಇಲ್ಲೇ ತಯಾರಾಗುತ್ತದೆ, ಹಾಗಾಗಿ ಮಾರಲು ಹೊರಟರೆ ಮೂಡಿಗೆರೆಯವರಿಗಿಂತ ಬೇಗ ನಿಮಗೇ ಗಿರಾಕಿ ಸಿಗಬಹುದು.