ಎರಡು ಬಿಲ್, ಒಂದು ಡಿಡಕ್ಟಿಬಲ್

ಪ್ರಶ್ನೆ: ಅಪ್ಪನಿಗೆ 3 ಲಕ್ಷದ ಆರೋಗ್ಯ ವಿಮೆ ಇದೆ. ಅದರ ಮೇಲೆ 3 ಲಕ್ಷ ಡಿಡಕ್ಟಿಬಲ್ ಇರುವ 10 ಲಕ್ಷದ ಟಾಪ್-ಅಪ್ (ಹೆಚ್ಚುವರಿ ವಿಮೆ) ಮಾಡಿಸಿದ್ದೆ. ಒಂದೇ ವರ್ಷ ಎರಡು ಸಲ ಅಡ್ಮಿಟ್ ಮಾಡಬೇಕಾಯಿತು. ಹಾಸನದಲ್ಲಿ 2,20,000, ಬೆಂಗಳೂರಿನಲ್ಲಿ 2,60,000 ರೂ. ಖರ್ಚು. ಟಾಪ್-ಅಪ್‌ನಿಂದ ಏನೂ ಸಿಗಲಿಲ್ಲ, ಏಕೆ?
– ಓದುಗರೊಬ್ಬರು, ಹಾಸನ

ಉತ್ತರ: ವಿಮಾ ಕಂಪನಿ ಕೊಡಲು ಶುರು ಮಾಡುವ ಮೊದಲು ನೀವು ಅಥವಾ ನಿಮ್ಮ ಮೂಲ ಪಾಲಿಸಿ ಹೊರಬೇಕಾದ ಮೊತ್ತವೇ ಡಿಡಕ್ಟಿಬಲ್. ಸಾಮಾನ್ಯ ಟಾಪ್-ಅಪ್‌ನಲ್ಲಿ ಇದನ್ನು ಪ್ರತಿ ಸಲ ಆಸ್ಪತ್ರೆ ಸೇರಿದಾಗಲೂ ಹೊಸದಾಗಿ ಹಿಡಿಯುತ್ತಾರೆ. ನಿಮ್ಮ ಎರಡೂ ಬಿಲ್ 3 ಲಕ್ಷ ದಾಟಿಲ್ಲ, ಹಾಗಾಗಿ ಏನೂ ಬರಲಿಲ್ಲ. ಸೂಪರ್ ಟಾಪ್-ಅಪ್ ಆಗಿದ್ದರೆ ವರ್ಷದ ಬಿಲ್‌ಗಳನ್ನು ಕೂಡಿಸುತ್ತಾರೆ: 4,80,000ದಲ್ಲಿ 3 ಲಕ್ಷ ಕಳೆದು 1,80,000 ರೂ. ನಿಮಗೆ ಬರಬೇಕಿತ್ತು. ಮಾರುವವರು ಈ ವ್ಯತ್ಯಾಸ ಬಿಡಿಸಿ ಹೇಳದಿರುವುದು ದೊಡ್ಡ ಅನ್ಯಾಯ.

ಸೂಪರ್ ಟಾಪ್-ಅಪ್‌ನಲ್ಲೂ ಎಡವುವ ಜಾಗಗಳಿವೆ. ಕೂಡಿಸುವುದು ಪಾಲಿಸಿ ಒಪ್ಪುವ ಖರ್ಚನ್ನು ಮಾತ್ರ. ಕೈಗವಸು, ನೋಂದಣಿ ಶುಲ್ಕದಂಥವನ್ನು ತೆಗೆದುಹಾಕಿದರೆ ಒಟ್ಟು ಮೊತ್ತ ಇಳಿಯುತ್ತದೆ. ಎರಡೂ ಪಾಲಿಸಿ ಒಂದೇ ತಾರೀಖಿಗೆ ಶುರುವಾಗುವಂತೆ ನೋಡಿಕೊಳ್ಳಿ. ಇಲ್ಲದಿದ್ದರೆ ಮೂಲ ಪಾಲಿಸಿಯಲ್ಲಿ ಒಂದೇ ವರ್ಷಕ್ಕೆ ಸೇರುವ ಎರಡು ಬಿಲ್, ಸೂಪರ್ ಟಾಪ್-ಅಪ್‌ನಲ್ಲಿ ಎರಡು ವರ್ಷಕ್ಕೆ ಹಂಚಿಹೋಗಬಹುದು. ಖರ್ಚು 3 ಲಕ್ಷ ಮುಟ್ಟುವುದಿಲ್ಲ ಅನ್ನಿಸಿದರೂ ಮೊದಲ ಸಲ ಅಡ್ಮಿಟ್ ಆದಾಗಲೇ ಎರಡೂ ಕಂಪನಿಗೆ ತಿಳಿಸಿ. ಅಸಲು ಬಿಲ್ ಮೊದಲ ಕಂಪನಿಗೆ ಹೋಗುತ್ತದೆ. ಅವರ ಸೆಟ್ಲ್‌ಮೆಂಟ್ ಪತ್ರ, ದೃಢೀಕರಿಸಿದ ಬಿಲ್ ನಕಲು, ಡಿಸ್ಚಾರ್ಜ್ ಸಮ್ಮರಿ ಎತ್ತಿಟ್ಟುಕೊಳ್ಳಿ.

ಪಾಲಿಸಿ ಬದಲಿಸುವಾಗ ಹಳೆಯದನ್ನು ಮೊದಲೇ ನಿಲ್ಲಿಸಬೇಡಿ. ಹೊಸ ಕಂಪನಿ ಅಪ್ಪನ ಕಾಯಿಲೆ ನೋಡಿ ಬೇಡ ಎನ್ನಬಹುದು. ಒಪ್ಪಿದರೂ ಮೊದಲಿನಿಂದ ಇದ್ದ ಕಾಯಿಲೆಗೆ 36 ತಿಂಗಳವರೆಗೆ ಕಾಯಿಸಬಹುದು.

ಪ್ರಶ್ನೆ: ರೂಟ್ ಕೆನಾಲ್‌ಗೆ 6,000 ರೂ. ಆಯಿತು. ನನ್ನ ವಿಮೆಗೆ 5,000 ಡಿಡಕ್ಟಿಬಲ್. ಉಳಿದ 1,000 ಸಿಗುತ್ತದೆಯೇ?
– ಓದುಗರು, ಚಿಕ್ಕಮಗಳೂರು

ಉತ್ತರ: ಹೆಚ್ಚಾಗಿ ಸಿಗುವುದಿಲ್ಲ. ನಮ್ಮ ಸಾಮಾನ್ಯ ಆರೋಗ್ಯ ವಿಮೆಗಳು ಹುಳುಕು ಹಲ್ಲಿನ ಚಿಕಿತ್ಸೆಯನ್ನು ಹೊರಗಿಡುತ್ತವೆ. ಅಪಘಾತದಲ್ಲಿ ದವಡೆ, ಹಲ್ಲಿಗೆ ಪೆಟ್ಟು ಬಿದ್ದು ಆಸ್ಪತ್ರೆ ಸೇರಿದರೆ ಮಾತ್ರ ಕೊಡುತ್ತವೆ. ಒಪ್ಪದ ಖರ್ಚಿನ ಮೇಲೆ ಡಿಡಕ್ಟಿಬಲ್ ಲೆಕ್ಕವೇ ಶುರುವಾಗುವುದಿಲ್ಲ. ಒಪಿಡಿ (ಆಸ್ಪತ್ರೆ ಸೇರದೆ ಪಡೆಯುವ ಚಿಕಿತ್ಸೆ) ಸೌಲಭ್ಯ ಸೇರಿಸಿಕೊಂಡಿದ್ದರೆ ಅದರಲ್ಲಿ ಹಲ್ಲಿನ ಚಿಕಿತ್ಸೆ ಇದೆಯೇ, ವರ್ಷದ ಮಿತಿ ಎಷ್ಟು ಎಂದು ಪಾಲಿಸಿ ಪತ್ರದಲ್ಲೇ ನೋಡಿ, ಜಾಹೀರಾತಿನ ಹಾಳೆಯಲ್ಲಿ ಅಲ್ಲ.